ಶ್ರೀರಂಗಪಟ್ಟಣದ ಕಲ್ಲುಗಳ ಪಕ್ಕ ಇನ್ನೊಂದು ಫಲಕ ಬೇಕು

ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆಯಲ್ಲಿ, ಕಾವೇರಿ ಕಡೆಗೆ ಒಂದು ಎತ್ತರದ ಸ್ಮಾರಕ ಕಂಬ ನಿಂತಿದೆ. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿದ್ದು ಇದೇ ಭಾಗದಿಂದ. ಕಂಬದ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ಜನರಲ್ ಹ್ಯಾರಿಸ್ ಕೈಕೆಳಗಿನ ಸೈನ್ಯ ಪಟ್ಟಣವನ್ನು ಮುತ್ತಿ ಗೆದ್ದ ನೆನಪಿಗೆ, ಆ ಕಾಳಗದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ಇದು ಅಂತ ಅದರಲ್ಲಿದೆ.

ಸರಿ, ಇದನ್ನು ನಿಲ್ಲಿಸಿದವರು ಯಾರು? ಬ್ರಿಟಿಷರು ಅಂದುಕೊಳ್ಳೋದು ಸಹಜ. ಆದರೆ ಕಂಬದ ಮೇಲೇ ಬರೆದಿದೆ: ಮೈಸೂರು ಸರ್ಕಾರ, 1907. ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಯುದ್ಧ ಮುಗಿದು ನೂರೆಂಟು ವರ್ಷ ಕಳೆದ ಮೇಲೆ. ನಮ್ಮದೇ ಸರ್ಕಾರ ನಮ್ಮದೇ ಊರಿನಲ್ಲಿ, ಊರಿನವರಲ್ಲಿ ಹೆಚ್ಚಿನವರಿಗೆ ಓದೋಕೆ ಬಾರದ ಭಾಷೆಯಲ್ಲಿ, ಆ ಊರನ್ನು ಗೆದ್ದವರಿಗೆ ಸ್ಮಾರಕ ಕಟ್ಟಿಸಿತು. ಯಾಕೆ?

ಇದಕ್ಕೆ ಉತ್ತರ ಅಷ್ಟು ಕಷ್ಟದ್ದೇನಲ್ಲ. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಮೈಸೂರು ಸಿಂಹಾಸನವನ್ನು ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. 1831ರಲ್ಲಿ ಆಡಳಿತ ಕಿತ್ತುಕೊಂಡು, 1881ರಲ್ಲಿ ಮತ್ತೆ ಕೊಟ್ಟರು. ಆ ಅರಮನೆಯ ಲೆಕ್ಕದಲ್ಲಿ 1799 ಬರೀ ಸೋಲಿನ ವರ್ಷ ಅಲ್ಲ, ಗದ್ದುಗೆ ಸಿಕ್ಕಿದ ವರ್ಷ ಕೂಡ. ಜೊತೆಗೆ 1907ರಲ್ಲಿ ಮೈಸೂರು ಬ್ರಿಟಿಷರ ಹಿಡಿತದಲ್ಲಿದ್ದ ಸಂಸ್ಥಾನ. ವೈಸರಾಯ್ ಕರ್ಜನ್ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ಬಂದಿತ್ತು, ಹಳೆಯ ರಣರಂಗಗಳಿಗೆ ಗುರುತು ಹಾಕುವ ಉತ್ಸಾಹವೂ ಜೋರಾಗಿತ್ತು. ಇದೆಲ್ಲ ಗೊತ್ತಿದ್ದರೆ ಆ ಕಂಬ ತಟ್ಟನೆ ಅರ್ಥವಾಗುತ್ತದೆ. ಗೊತ್ತಿಲ್ಲದಿದ್ದರೆ ಅದು ಸೆಲ್ಫಿಗೆ ಒಂದು ಹಿನ್ನೆಲೆ, ಅಷ್ಟೇ.

ನಾನು ಹೇಳಬೇಕೆಂದಿರೋದು ಇದನ್ನೇ. ಮಂಡ್ಯ, ಮೈಸೂರು ಕಡೆ ಸ್ಮಾರಕದ ಬಗ್ಗೆ ಜಗಳ ಎದ್ದಾಗಲೆಲ್ಲ ಪ್ರಶ್ನೆ ಎರಡೇ: ಯಾರ ಪ್ರತಿಮೆ ಇಡಬೇಕು, ಯಾರ ಹೆಸರು ತೆಗೀಬೇಕು. ಈಗಾಗಲೇ ನಿಂತಿರುವ ಕಲ್ಲು ಯಾರು ಇಟ್ಟದ್ದು, ಯಾವಾಗ, ಯಾವ ಲೆಕ್ಕಾಚಾರದಲ್ಲಿ ಅಂತ ಹೇಳುವ ಕೆಲಸ ಮಾತ್ರ ಯಾರ ತಲೆ ಮೇಲೂ ಇಲ್ಲ.

ಆ ಕಂಬದ ಸುತ್ತಮುತ್ತಲೇ ನೋಡಿ. ಸ್ವಲ್ಪ ದೂರದಲ್ಲಿ ಟಿಪ್ಪುವಿನ ದೇಹ ಸಿಕ್ಕಿದ ಜಾಗ ಅಂತ ಒಂದು ಕಲ್ಲು ಇದೆ. ದೇಹ ಇಲ್ಲಿ ಸಿಕ್ಕಿತು ಅನ್ನೋ ಒಂದೇ ಸಾಲು. ಹುಡುಕಿದವರು ಯಾರು, ಇಷ್ಟೇ ಯಾಕೆ ಬರೆದರು, ಏನೂ ಇಲ್ಲ. ಯೋಚಿಸಿದರೆ ಅದು ಗೆದ್ದವರ ಕಣ್ಣಿನಿಂದ ಬರೆದ ಸಾಲು. ಅವನು ಇಲ್ಲಿ ಹೋರಾಡಿದ ಅಂತ ಬರೆಯಬಹುದಿತ್ತು, ಇಲ್ಲಿ ಸತ್ತ ಅಂತ ಬರೆಯಬಹುದಿತ್ತು. ಕತ್ತಲಾದ ಮೇಲೆ ಹೆಣಗಳ ರಾಶಿಯಲ್ಲಿ ಹುಡುಕಿದವರಿಗೆ ಮಾತ್ರ ಅದು 'ಸಿಕ್ಕಿದ' ಜಾಗ.

ಇನ್ನು ಕರ್ನಲ್ ಬೈಲಿ ಡಂಜನ್, ಅಂದರೆ ನೆಲಮಾಳಿಗೆಯ ಸೆರೆಮನೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿಗೆ ಸೋತು ಸೆರೆ ಸಿಕ್ಕಿದವನು ಕರ್ನಲ್ ವಿಲಿಯಂ ಬೈಲಿ, 1782ರಲ್ಲಿ ಇದೇ ಊರಿನಲ್ಲಿ ಸೆರೆಯಲ್ಲೇ ಸತ್ತ. ಕಮಾನು ಕಮಾನಾಗಿ ಕಟ್ಟಿದ ಆ ನೆಲಮಾಳಿಗೆಯ ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಅದರಲ್ಲಿ ತೂತುಗಳಿವೆ. ಕೈದಿಗಳ ಕೈ ಕಟ್ಟುತ್ತಿದ್ದದ್ದು ಅಲ್ಲಿಗೇ ಅಂತ ತೋರಿಸುತ್ತಾರೆ. ಒಳಗೆ ಒಂದು ಫಿರಂಗಿ ಬಿದ್ದಿದೆ. ಅದೇ ಪೊಳ್ಳಿಲೂರಿನ ಯುದ್ಧದ ಚಿತ್ರ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆ ಮೇಲೆ ಇದೆ. ಅಲ್ಲಿ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಗೆಲ್ಲುತ್ತಿರುವವರು ಮೈಸೂರಿನವರು. ಅದೇ ಯುದ್ಧದಲ್ಲಿ ಸೆರೆ ಸಿಕ್ಕಿದ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್ ಮೂರೂವರೆ ವರ್ಷಕ್ಕೂ ಜಾಸ್ತಿ ಇಲ್ಲಿ ಬಂಧಿಯಾಗಿದ್ದು ಬಿಡುಗಡೆಯಾದ, 1799ರಲ್ಲಿ ಕೋಟೆಯ ಒಡಕಿನಿಂದ ನುಗ್ಗಿದ ದಂಡನ್ನು ಮುನ್ನಡೆಸಿದವನು ಅವನೇ!

ಈಗ ಗೊತ್ತಾಯ್ತಲ್ವಾ? ಬೈಲಿ ಡಂಜನ್, ದರಿಯಾ ದೌಲತ್ ಚಿತ್ರ, ಗೋಡೆಯ ಒಡಕಿನ ಬಳಿಯ ಕಂಬ, ಮೂರೂ ಒಂದೇ ಕಥೆಯ ತುಂಡುಗಳು. ಸೋಲು, ಸೆರೆ, ಸೇಡು. ಸಣ್ಣ ದ್ವೀಪದಲ್ಲಿ ಒಂದು ಸುತ್ತು ಹಾಕಿದರೆ ಇಡೀ ಕಥೆ ಕಣ್ಣಿಗೆ ಬೀಳಬೇಕು. ಬೀಳೋದಿಲ್ಲ. ಯಾಕಂದರೆ ಆ ಮೂರನ್ನು ಜೋಡಿಸುವ ಒಂದು ಸಾಲು ಎಲ್ಲಿಯೂ ಇಲ್ಲ. ಆ ಖಾಲಿ ಜಾಗವನ್ನು ಸುರಂಗದ ಕಥೆಗಳು ತುಂಬಿಕೊಂಡಿವೆ. ಇಲ್ಲಿಂದ ಮೈಸೂರಿನವರೆಗೆ ಗುಪ್ತ ಸುರಂಗ ಇದೆಯಂತೆ, ಕೈದಿಗಳನ್ನು ಕುತ್ತಿಗೆವರೆಗೆ ನೀರಿನಲ್ಲಿ ನಿಲ್ಲಿಸುತ್ತಿದ್ದರಂತೆ, ಹೀಗೆ. ಗೈಡುಗಳನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಓದೋಕೆ ಏನೂ ಇಲ್ಲದ ಕಡೆ ಕಥೆ ಹೇಳುವವನು ರುಚಿಯಾಗಿಯೇ ಹೇಳುತ್ತಾನೆ, ಕೇಳುವವರಿಗೂ ಅದೇ ಬೇಕು.

ಹಾಗಾದರೆ ಬೋರ್ಡುಗಳೇ ಇಲ್ಲವಾ? ಇವೆ. ಕೇಂದ್ರದ ಪುರಾತತ್ವ ಇಲಾಖೆ ಎಎಸ್‌ಐನ ನೀಲಿ ಬೋರ್ಡು ಎಲ್ಲರೂ ನೋಡಿರುತ್ತೀರಿ. ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸ್ಮಾರಕ 1958ರ ಕಾಯ್ದೆಯ ಅಡಿ ಬರುತ್ತದೆ, 2010ರ ತಿದ್ದುಪಡಿಯ ಪ್ರಕಾರ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಎಲ್ಲಾ ಬೇಕಾದ್ದೇ. ಆದರೆ ಏನು ಮಾಡಿದರೆ ಜೈಲಿಗೆ ಹೋಗ್ತೀವಿ ಅಂತ ಇಷ್ಟು ವಿವರವಾಗಿ ತಿಳಿಸುವ ವ್ಯವಸ್ಥೆ, ಎದುರಿಗಿರುವುದು ಏನು ಅಂತ ಅಷ್ಟೇ ವಿವರವಾಗಿ ತಿಳಿಸೋದಿಲ್ಲ. ಕಾಯ್ದೆ ಕಲ್ಲನ್ನು ಕಾಯೋಕೆ ಬರೆದದ್ದು, ಕಥೆ ಹೇಳೋದು ಅದರ ಕೆಲಸ ಅಲ್ಲ.

ಕಾಯೋದರಲ್ಲೂ ಎಲ್ಲಾ ಕಲ್ಲಿಗೂ ಒಂದೇ ಅದೃಷ್ಟ ಇಲ್ಲ. 2017ರಲ್ಲಿ ಬೆಂಗಳೂರು–ಮೈಸೂರು ರೈಲು ಹಳಿ ಜೋಡಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ದಾರಿಗೆ ಅಡ್ಡ ಬಂತು. ಸುಮಾರು ಸಾವಿರ ಟನ್ ತೂಕದ ಕಟ್ಟಡ. ಅದನ್ನು ಒಡೆಯದೆ, ಬುಡ ಸಮೇತ ಎತ್ತಿ, ಹಳಿಗಳ ಮೇಲೆ ಜರುಗಿಸಿ ಸುಮಾರು 130 ಮೀಟರ್ ಆಚೆ ಇಟ್ಟರು. ನಿಜಕ್ಕೂ ಮೆಚ್ಚುವಂಥ ಕೆಲಸ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅಲ್ಲಿಂದ ಶುರುವಾದ ಕೆಡವಬೇಕಾ ಉಳಿಸಬೇಕಾ ಅನ್ನೋ ವಾದ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆಯಿತು. ಮಧ್ಯದಲ್ಲಿ ಎಷ್ಟು ಜನಕ್ಕೆ ನೆನಪಿತ್ತೋ ಗೊತ್ತಿಲ್ಲ, ಲ್ಯಾನ್ಸ್‌ಡೌನ್ ಕಟ್ಟಡವೇ ಒಂದು ಸ್ಮಾರಕ. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಬಂದು ಹೋದ ನೆನಪಿಗೆ ಕಟ್ಟಿದ್ದು. ಹತ್ತಿರದ ಚಿಕ್ಕ ಗಡಿಯಾರ ಇನ್ನೊಬ್ಬ ವೈಸರಾಯ್ ಡಫರಿನ್ ನೆನಪಿಗೆ. ದೊಡ್ಡ ಗಡಿಯಾರ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ. ಜನ ವೈಸರಾಯ್‌ಗಳನ್ನು ಮರೆತು ಗಡಿಯಾರವನ್ನಷ್ಟೇ ಇಟ್ಟುಕೊಂಡರು, ಅದರಲ್ಲಿ ನನಗೇನೂ ದುಃಖ ಇಲ್ಲ.

ದುಃಖ ಆಗೋದು ಹೆಸರಿನ ಜಗಳ ನೋಡಿದಾಗ. 2024ರ ಕೊನೆಯಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರಿಡುವ ಪ್ರಸ್ತಾಪ ಬಂತು. ಅದಕ್ಕೆ ಆಗಲೇ ಪ್ರಿನ್ಸೆಸ್ ರಸ್ತೆ ಅನ್ನೋ ಹೆಸರಿದೆ ಅಂತ ವಿರೋಧ ಎದ್ದಿತು, ಹಾಗೆ ದಾಖಲೆ ಎಲ್ಲಿದೆ ಅಂತ ಇನ್ನೊಂದು ಕಡೆಯವರು ಕೇಳಿದರು. ಯಾರು ಸರಿ ಅನ್ನೋದು ಪಕ್ಕಕ್ಕಿರಲಿ. ಆ ಪ್ರಿನ್ಸೆಸ್ ಯಾರು? ನಾಲ್ವಡಿಯವರ ತಂಗಿ ಕೃಷ್ಣಾಜಮ್ಮಣ್ಣಿ. ಕ್ಷಯದಿಂದ ತೀರಿಕೊಂಡರು, ಅವರ ಹೆಣ್ಣುಮಕ್ಕಳೂ ಅದೇ ಕಾಯಿಲೆಗೆ ಬಲಿಯಾದರು. ಔಷಧಿ ಇಲ್ಲದ ಕಾಲ, ಅರಮನೆಯೊಳಗಿದ್ದರೂ ಕ್ಷಯ ಬಿಡಲಿಲ್ಲ. ಅದೇ ರಸ್ತೆಯಲ್ಲಿರುವ ಪಿಕೆಟಿಬಿ ಕ್ಷಯರೋಗ ಆಸ್ಪತ್ರೆಯ ಹೆಸರಿನ ಮೊದಲ ಎರಡು ಅಕ್ಷರಗಳಲ್ಲಿರುವುದು ಅವರೇ. ಇಡೀ ಊರು ವಾರಗಟ್ಟಲೆ ಈ ರಸ್ತೆ ಬಗ್ಗೆ ಕಿತ್ತಾಡಿತು. ರಸ್ತೆ ಬದಿಯಲ್ಲಿ ಈ ನಾಲ್ಕು ಸಾಲು ಬರೆದ ಒಂದು ಫಲಕ ಮೊದಲೇ ಇದ್ದಿದ್ದರೆ ದಾಖಲೆ ಎಲ್ಲಿದೆ ಅನ್ನೋ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೂ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ, ಸಾವಿರ ವರ್ಷಕ್ಕೂ ಹಿಂದಿನದು. ಮದ್ದೂರು ತಾಲ್ಲೂಕಿನ ಆತಕೂರು ಶಾಸನ. 949–50ರ ಹೊತ್ತಿನದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ. ಆ ಯುದ್ಧದಲ್ಲಿ ಕೃಷ್ಣನ ಕಡೆ ಇದ್ದವನು ಗಂಗರ ಎರಡನೇ ಬೂತುಗ, ಬೂತುಗನ ಕಡೆ ಶೌರ್ಯ ತೋರಿಸಿದವನು ಮಣಲೇರ. ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನೋ ಬೇಟೆ ನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ, ಅದನ್ನು ನಡೆಸುವ ಗೊರವ (ಶೈವ ಅರ್ಚಕ) ತಪ್ಪಿದರೆ ಪಾಪ ತಟ್ಟಲಿ ಅಂತಲೂ ಬರೆಸಿದ. ಕಲ್ಲಿನ ಮೇಲುಗಡೆ ನಾಯಿ ಮತ್ತು ಹಂದಿ ಎದುರಾಬದುರಾಗಿ ನಿಂತಿರುವ ಕೆತ್ತನೆ ಇದೆ.

ಗಮನಿಸಿ, ಒಂದು ನಾಯಿಯ ಸ್ಮಾರಕದಲ್ಲಿ ಏನೇನಿದೆ! ಯಾರು ಸತ್ತದ್ದು, ಹೇಗೆ, ಕಲ್ಲು ನಿಲ್ಲಿಸಿದ್ದು ಯಾರು, ಅವನಿಗೆ ಆ ನಾಯಿ ಸಿಕ್ಕಿದ್ದು ಹೇಗೆ, ಆಗ ರಾಜ ಯಾರು, ಯುದ್ಧ ಯಾವುದು, ಮುಂದೆ ನೋಡಿಕೊಳ್ಳುವವರು ಯಾರು, ಖರ್ಚು ಎಲ್ಲಿಂದ. ಎಲ್ಲಾ ಕನ್ನಡದಲ್ಲಿ, ಊರಿನವರ ಭಾಷೆಯಲ್ಲಿ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲೂ ಬರಹ ಇದ್ದರೆ ಹೀಗೆಯೇ. ತುರು ಕಾಯುವಾಗ ಸತ್ತ, ಇಂಥವರ ಮಗ, ಇಂಥವರು ನಿಲ್ಲಿಸಿದರು. ಅವೂ ಪಕ್ಷಪಾತದವೇ, ನಿಲ್ಲಿಸಿದವರ ಹೊಗಳಿಕೆಯೂ ಇರುತ್ತದೆ. ಆದರೆ ತಾನು ಯಾರ ಕಡೆಯ ಕಲ್ಲು ಅಂತ ಮುಚ್ಚಿಡೋದಿಲ್ಲ. ಅಂದ ಹಾಗೆ ಆತಕೂರಿನ ಕಲ್ಲು ಈಗ ಆತಕೂರಿನಲ್ಲಿ ಇಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಭದ್ರವಾಗಿದೆ, ಊರಿಗೆ ಮಾತ್ರ ಅದರ ಕಥೆ ತಪ್ಪಿಹೋಯಿತು.

ಮೈಸೂರಿನವರ ಸ್ಮಾರಕ ಇನ್ನೂ ದೂರ ಹೋಗಿದ್ದೂ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಸಮುದ್ರದಂಡೆಯ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ ಕುದುರೆ ದಂಡಿನಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಲ್ಯಾನ್ಸರ್‌ಗಳದ್ದು, 1922ರಲ್ಲಿ ನಿಲ್ಲಿಸಿದ್ದು. ದಶಕಗಟ್ಟಲೆ ಜನಕ್ಕೆ ತೀನ್ ಮೂರ್ತಿ ಅಂದರೆ ನೆಹರೂ ಮನೆ. 2018ರಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ವಿದೇಶಾಂಗ ನೀತಿಗೆ ಬೇಕಾದಾಗ ನೂರು ವರ್ಷ ಹಳೆಯ ಸವಾರರು ನೆನಪಾದರು. ಅದರಲ್ಲಿ ತಪ್ಪಿಲ್ಲ, ಸ್ಮಾರಕಗಳು ಎಚ್ಚರಗೊಳ್ಳೋದೇ ಹೀಗೆ, ಯಾರಿಗಾದರೂ ಏನಾದರೂ ಬೇಕಾದಾಗ. 1907ರಲ್ಲಿ ಮೈಸೂರು ಸರ್ಕಾರಕ್ಕೆ ಒಂದು ಬೇಕಿತ್ತು, 2018ರಲ್ಲಿ ದೆಹಲಿಗೆ ಇನ್ನೊಂದು.

ಟಿಪ್ಪು ವಿಷಯಕ್ಕೆ ಬಂದರೆ ಮಾತು ಬೇಗ ಬಿಸಿಯಾಗುತ್ತದೆ, ಹಾಗಾಗಿ ಒಂದು ತಣ್ಣನೆಯ ಉದಾಹರಣೆ ಕೊಡ್ತೀನಿ. ಕೆಆರ್‌ಎಸ್ ಕಟ್ಟೆಯನ್ನು ಟಿಪ್ಪು ಶುರು ಮಾಡಿದ್ದಾ ನಾಲ್ವಡಿಯವರು ಕಟ್ಟಿಸಿದ್ದಾ ಅಂತ ಆಗಾಗ ಜಗಳ ಏಳುತ್ತದೆ, ಯಾರೋ ಒಬ್ಬ ಮಂತ್ರಿ ಏನೋ ಹೇಳುತ್ತಾರೆ, ಒಂದು ವಾರ ಟಿವಿಯಲ್ಲಿ ಅದೇ. ಆದರೆ ಕಟ್ಟೆಯ ಬಾಗಿಲ ಬಳಿ ಟಿಪ್ಪು ಕಾಲದ ಪರ್ಷಿಯನ್ ಶಾಸನವೇ ಇದೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಗೆ ಬುನಾದಿ ಹಾಕಿದ ವಿಷಯ ಅದರಲ್ಲಿದೆ. ಹೊಸದಾಗಿ ನೀರಾವರಿ ಮಾಡಿಕೊಂಡ ರೈತರಿಗೆ ಕಂದಾಯದಲ್ಲಿ ಕಾಲು ಭಾಗ ಬಿಡುವ ಮಾತೂ ಇದೆ. ಆ ಕಟ್ಟೆ ಮೇಲೇಳಲಿಲ್ಲ. ಈಗಿರುವ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ. ಕೆಲಸದ ಸಮಯದಲ್ಲಿ ಆ ಕಲ್ಲು ಸಿಕ್ಕಿದಾಗ ಅದನ್ನು ಮೂಲೆಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿ, ಪಕ್ಕದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅನುವಾದವನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಟಿಪ್ಪುವಿನ ನಂತರ ಗದ್ದುಗೆ ಪಡೆದ ಮನೆತನದ ಸರ್ಕಾರವೇ ಟಿಪ್ಪುವಿನ ಮಾತನ್ನು ಅನುವಾದ ಸಮೇತ ಬಾಗಿಲಲ್ಲಿ ನಿಲ್ಲಿಸಿತು. ಗೋಡೆಯ ಒಡಕಿನ ಬಳಿ ಗೆದ್ದವರಿಗೆ ಕಂಬ ನಿಲ್ಲಿಸಿದ್ದೂ ಇದೇ ಸರ್ಕಾರ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಯಾವ ಪಕ್ಷದ ವಾಟ್ಸಾಪ್ ಗುಂಪಿಗೂ ಹೊಂದೋದಿಲ್ಲ.

ಹಾಗಾಗಿ ನನ್ನ ಸಲಹೆ ಸರಳ: ಯಾವುದನ್ನೂ ಕೀಳಬೇಡಿ, ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿ. ಇದಕ್ಕೆ ಎರಡೂ ಕಡೆಯಿಂದ ಆಕ್ಷೇಪ ಬರುತ್ತದೆ, ಗೊತ್ತು. ಗುಲಾಮಗಿರಿಯ ಗುರುತನ್ನು ಯಾಕೆ ಇಟ್ಟುಕೊಳ್ಳಬೇಕು ಅಂತ ಕೆಲವರು, ಹಳೆಯದಕ್ಕೆ ಕೈ ಹಾಕಬೇಡಿ ಅಂತ ಕೆಲವರು. ಕಿತ್ತರೆ ಸಾಕ್ಷಿಯೇ ಹೋಗುತ್ತದೆ. ಮೈಸೂರು ಸರ್ಕಾರ 1907ರಲ್ಲಿ ಹೀಗೆ ಯೋಚಿಸಿತ್ತು ಅನ್ನೋದಕ್ಕೆ ಆ ಕಂಬಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಾಗೇ ಬಿಟ್ಟರೆ ಅದು ಸುಮ್ನೆ ಹೊಗಳಿಕೆಯ ಕಲ್ಲಾಗಿಯೇ ಉಳಿಯುತ್ತದೆ. ಕ್ಯೂಆರ್ ಕೋಡ್ ಅಂಟಿಸಿದರೆ ಆಯ್ತು ಅನ್ನೋರೂ ಇದ್ದಾರೆ. ಆಗಲಿ, ಆದರೆ ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ನಿಂತ ಮೇಷ್ಟ್ರು ನಲವತ್ತು ಜನಕ್ಕೆ ಒಂದು ಫೋನು ತೋರಿಸೋಕೆ ಆಗಲ್ಲ. ಓದುವಂಥ ಅಕ್ಷರ ಬೇಕು, ಕನ್ನಡದಲ್ಲಿ, ದೊಡ್ಡದಾಗಿ.

ಬರೆಯುವವರು ಯಾರು ಅನ್ನೋದೇ ನಿಜವಾದ ತೊಡಕು. ಕೋಟೆಯ ಒಂದು ಭಾಗ ಎಎಸ್‌ಐಗೆ, ಇನ್ನೊಂದು ರಾಜ್ಯದ ಪುರಾತತ್ವ ಇಲಾಖೆಗೆ, ದೇವಸ್ಥಾನದ ಸುತ್ತ ಮುಜರಾಯಿ, ರಸ್ತೆ ಲೋಕೋಪಯೋಗಿ ಇಲಾಖೆಗೆ, ಖಾಲಿ ಜಾಗ ಪುರಸಭೆಗೆ. ಒಬ್ಬರು ಬರೆದರೆ ಇನ್ನೊಬ್ಬರು ಅದು ನಮ್ಮ ವ್ಯಾಪ್ತಿ ಅಂತಾರೆ. ಇಡೀ ದೇಶದ ಶಾಸನಗಳನ್ನು ಓದುವ ಎಎಸ್‌ಐನ ಶಾಸನಶಾಸ್ತ್ರ ವಿಭಾಗದ ಮುಖ್ಯ ಕಚೇರಿ ಇರೋದು ಮೈಸೂರಿನಲ್ಲೇ! ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಇಲ್ಲೇ. ಓದಬಲ್ಲವರು ಅರ್ಧ ಗಂಟೆಯ ದಾರಿಯಲ್ಲಿದ್ದಾರೆ. 2014ರಲ್ಲಿ ಶ್ರೀರಂಗಪಟ್ಟಣದ ಸ್ಮಾರಕಗಳನ್ನು ಯುನೆಸ್ಕೋದ ಸಂಭಾವ್ಯ ಪಟ್ಟಿಗೂ ಸೇರಿಸಿದ್ದಾರೆ. ಪಟ್ಟಿಯಲ್ಲಿದೆ ಅಂತ ಹೆಮ್ಮೆ ಪಡ್ತೀವಿ. ಈ ಕಡೆ 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ಬೆಂಗಳೂರಿನಿಂದ ಬರುವವರು ಊರೊಳಗೆ ಇಳಿಯದೆ ಬೈಪಾಸಿನಲ್ಲೇ ಹಾದುಹೋಗಬಹುದು. ಇಳಿದವರಿಗಾದರೂ ಓದೋಕೆ ಏನಾದರೂ ಇರಬೇಕಲ್ವಾ?

ಫಲಕ ಬರೆಯೋದು ನಮಗೆ ಗೊತ್ತಿಲ್ಲ ಅಂತಲೂ ಹೇಳುವಂತಿಲ್ಲ. ಯಾವುದೇ ಬಸ್ ತಂಗುದಾಣದ ಗೋಡೆ ನೋಡಿ. ಕಪ್ಪು ಗ್ರಾನೈಟಿನ ಮೇಲೆ ಚಿನ್ನದ ಅಕ್ಷರದಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ದಿನಾಂಕ, ಯಾವ ಅನುದಾನ, ಗುತ್ತಿಗೆದಾರ, ಎಲ್ಲಾ ಇರುತ್ತದೆ. ಅದರಲ್ಲಿ ಅರ್ಧದಷ್ಟು ಶ್ರದ್ಧೆ ಸಾಕು. ಹೆದರಿಕೆ ಏನೆಂದರೆ ಈ ಎರಡನೇ ಫಲಕವೂ ಶಾಸಕರ ಹೆಸರು ದೊಡ್ಡದಾಗಿ, ಇತಿಹಾಸ ಸಣ್ಣದಾಗಿ ಬರುವ ಫಲಕವಾಗಬಾರದು. ನಿಲ್ಲಿಸಿದವರ ಹೆಸರು ಬೇಕು, ಕೊನೆಯ ಸಾಲಿನಲ್ಲಿ, ವರ್ಷದ ಜೊತೆ. ನೂರು ವರ್ಷ ಆದ ಮೇಲೆ ಇದನ್ನೂ ಯಾರೋ ಅನುಮಾನದಿಂದ ನೋಡಬೇಕಾಗುತ್ತದೆ, ಅವರಿಗೆ ಅನುಕೂಲ ಆಗಲಿ.

ಒಡಕಿನ ಕಂಬದ ಪಕ್ಕಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ:

"1799ರ ಮೇ 4ರ ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪನಿ ಮತ್ತು ಹೈದರಾಬಾದಿನ ನಿಜಾಮನ ಸೈನ್ಯಗಳು ಇಲ್ಲಿ ಕೋಟೆ ಒಡೆದು ಒಳನುಗ್ಗಿದವು. ಟಿಪ್ಪು ಸುಲ್ತಾನ್, ಅವನ ದಂಡನಾಯಕ ಸೈಯದ್ ಗಫಾರ್ ಮತ್ತು ಸಾವಿರಾರು ಜನ ಆ ದಿನ ಸತ್ತರು. ನುಗ್ಗಿದ ಸೈನ್ಯದಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳೂ ಇದ್ದರು. ಊರು ಲೂಟಿಯಾಯಿತು. ಎದುರಿನ ಕಂಬವನ್ನು 1907ರಲ್ಲಿ ಮೈಸೂರು ಸರ್ಕಾರ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ ನಿಲ್ಲಿಸಿತು. ಆಗ ಮೈಸೂರು ಬ್ರಿಟಿಷರ ಅಧೀನದ ಸಂಸ್ಥಾನವಾಗಿತ್ತು. ಈ ಯುದ್ಧದ ನಂತರವೇ ಒಡೆಯರ ಮನೆತನಕ್ಕೆ ಸಿಂಹಾಸನ ಮರಳಿ ಸಿಕ್ಕಿತ್ತು. ಊರಿನ ಕಡೆ ಸತ್ತವರ ಹೆಸರುಗಳು ಕಂಬದ ಮೇಲೆ ಇಲ್ಲ."

ಸಂರಕ್ಷಿತ ಆವರಣದ ಒಳಗೆ ಒಂದು ಗುಂಡಿ ತೋಡಬೇಕಾದರೂ ಎಎಸ್‌ಐ ಒಪ್ಪಿಗೆ ಬೇಕು, ಅದು ಬರುವಷ್ಟರಲ್ಲಿ ಇನ್ನೆರಡು ಚುನಾವಣೆ ಮುಗಿದಿರುತ್ತದೆ. ಹಾಗಾಗಿ ಮೊದಲ ಫಲಕವನ್ನು ಬೇಲಿಯಿಂದ 100 ಮೀಟರ್ ಆಚೆ, ರಸ್ತೆ ಬದಿಯ ಪುರಸಭೆ ಜಾಗದಲ್ಲಿ, ಗಾಡಿಗಳು ನಿಲ್ಲುವ ಕಡೆ ಹಾಕಬಹುದು. ಅನುಮತಿ ಅಲ್ಲೂ ಬೇಕು, ಆದರೆ ಜಾಗಕ್ಕೆ ಒಪ್ಪಿಗೆ ಕೊಡಬೇಕಾದ ಪುರಸಭೆ ಊರೊಳಗೇ ಇದೆ.